ಚೀಲದ ಪಾಳಿ

ಆ ಹುಳಕಡ್ಡಿ ನನ್ನದು. ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುವುದು ನನ್ನ ಹಳೆಯ ರೋಗ. ಅದು ಹುಳಕಡ್ಡಿಗಿಂತ ಕೆಟ್ಟದ್ದು, ಅದಕ್ಕೆ ಮುಲಾಮೂ ಇಲ್ಲ.

ಬಲತೊಡೆಯ ಸಂದಿಯಲ್ಲಿ ಎದ್ದಿತ್ತು. ಅಂಗಿ ಗುಂಡಿಯಷ್ಟು ಅಗಲ, ಕೆಂಪಗೆ, ಅಂಚು ಉಬ್ಬಿಕೊಂಡು. ದಿನಕ್ಕೆ ಎಂಟು ಗಂಟೆ ಪಂಪ್ ಹೌಸಿನ ರೆಕ್ಸಿನ್ ಕುರ್ಚಿಯಲ್ಲಿ ಬೆವೆತುಕೊಂಡು ಕೂರುವವನಿಗೆ ಬರುವ ಕಾಯಿಲೆ. ನಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್ನಿಗೇ ಔಷಧಿ ಅಂಗಡಿಯಿದೆ. ಅಲ್ಲಿಗೆ ಹೋಗಲಿಲ್ಲ. ಎರಡು ಸ್ಟಾಪ್ ಆಚೆಯ ಅಂಗಡಿಗೆ ಹೋಗಿ, ಪಕ್ಕದ ಮನೆಯವರಿಗೆ ಬೇಕಿತ್ತು ಎಂದು ಸುಳ್ಳು ಹೇಳಿ ಮುಲಾಮು ತಂದೆ. ಮೂರು ವಾರದಲ್ಲಿ ವಾಸಿಯಾಯಿತು.

ಆ ಮೂರು ವಾರವೂ ಭಾನುವಾರ ಆಡಿದೆ. ಆಟ ಮುಗಿದ ಮೇಲೆ ನಲ್ಲಿ ಕೆಳಗೆ ಮೈ ತೊಳೆದು, ಒಬ್ಬರ ಟವೆಲ್ಲು ಇನ್ನೊಬ್ಬರು ಕಿತ್ತುಕೊಂಡು ಒರೆಸಿಕೊಳ್ಳುವುದು ನಮ್ಮ ತಂಡದ ಅಭ್ಯಾಸ. ನನ್ನ ಟವೆಲ್ಲು ಎಲ್ಲರದ್ದಕ್ಕಿಂತ ದೊಡ್ಡದು. ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. "ಬೇಡ ಕಣೋ, ನನಗೆ ಹೀಗಾಗಿದೆ" ಅನ್ನಬೇಕಿತ್ತು. ಅನ್ನಲಿಲ್ಲ. ಕಿತ್ತುಕೊಂಡವರ ಬೆನ್ನಿಗೆ ಒಂದು ಗುದ್ದಿ ನಕ್ಕೆ.

ನಮ್ಮ ಕೋಣೆ ಮೊದಲು ಸಿಮೆಂಟಿನ ಗೋದಾಮಾಗಿತ್ತು. ತಗಡಿನ ಮಾಡು, ಮೂಲೆಯಲ್ಲಿ ಒಂದು ನಲ್ಲಿ, ಗೋಡೆಯುದ್ದಕ್ಕೆ ಒಂದು ಮರದ ಬೆಂಚು. ಬೆಂಚಿನ ಮೇಲೆ ಸಾಲಾಗಿ ಮೊಳೆ. ಮೊಳೆಗೊಂದು ನಂಬರು. ಒಂದನೇ ನಂಬರಿನ ಮೊಳೆ ನನ್ನದು. ನಾನು ಗೋಲ್‌ಕೀಪರ್, ಅಲ್ಲಿ ನನ್ನ ಹೆಸರು ಗೋಲಿ. ವಾರದಲ್ಲಿ ಆರು ದಿನ ನಾವೆಲ್ಲ ಯಾರದೋ ಕೈಕೆಳಗೆ ಬೈಸಿಕೊಂಡು ಬದುಕುವವರು. ಭಾನುವಾರ ಬೆಳಿಗ್ಗೆ ಆ ಕೋಣೆಗೆ ಕಾಲಿಟ್ಟರೆ ರಾಜರು. ಲಾರಿ ಓಡಿಸುವ ಡ್ರೈವರ್ ಬೂಟು ಕಟ್ಟುತ್ತಾ ಹಾಡುತ್ತಿದ್ದ, ಅವನ ಹಾಡು ನಿಲ್ಲಿಸಲು ಒಬ್ಬ ಅವನ ಬಾಯಿಗೆ ಕಾಲುಚೀಲ ತುರುಕುತ್ತಿದ್ದ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು ಎದುರು ತಂಡದವರ ನಡಿಗೆ ಅಣಕಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದರು. ಸೋತರೂ ನಗು, ಗೆದ್ದರೂ ನಗು. ನನಗೆ ಆ ಕೋಣೆ ಬೇಕಿತ್ತು. ಅದಕ್ಕಾಗಿ ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ.

ಜೆರ್ಸಿಗಳು ಯಾರೊಬ್ಬರ ಸ್ವಂತದ್ದಲ್ಲ, ತಂಡದ್ದು. ಆಟ ಮುಗಿದ ಮೇಲೆ ಎಲ್ಲರೂ ಬಿಚ್ಚಿ ಒಂದೇ ಚೀಲಕ್ಕೆ ಹಾಕಬೇಕು. ದೊಡ್ಡ ನೀಲಿ ಚೀಲ. ವಾರಕ್ಕೊಬ್ಬರ ಪಾಳಿ. ಪಾಳಿ ಬಂದವನು ಚೀಲ ಹೊತ್ತುಕೊಂಡು ಹೋಗಿ ಮುಂದಿನ ಭಾನುವಾರ ಒಗೆದು ಮಡಚಿ ತರಬೇಕು. ಬಾಗಿಲ ಹಿಂದೆ ಪಾಳಿಯ ಪಟ್ಟಿ ಅಂಟಿಸಿತ್ತು. ಹೊರುವವರು ಗಂಡಸರು, ಒಗೆಯುವವರು ಅವರವರ ಮನೆಯ ಹೆಂಗಸರು. ಅದನ್ನು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ.

ನನ್ನ ಪಾಳಿ ಮುಗಿದ ಭಾನುವಾರ ಚೀಲ ಬಿಚ್ಚಿದರೆ ಹಬ್ಬ. ಜೆರ್ಸಿಗಳು ಅಂಗಡಿಯಿಂದ ಈಗ ತಂದಂತಿರುತ್ತಿದ್ದವು. ಕಂಕುಳಲ್ಲಿ ಬೆವರಿನ ಹಳದಿಯಿಲ್ಲ, ಮೊಣಕೈಯಲ್ಲಿ ಹುಲ್ಲಿನ ಹಸಿರಿಲ್ಲ. ಕ್ಯಾಪ್ಟನ್ ತನ್ನದನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದುಕೊಳ್ಳುತ್ತಿದ್ದ. "ಒಗೆತ ಅಂದ್ರೆ ಇದು! ನಿನ್ನ ಹೆಂಡತಿ ಕೈಗೆ ಬಳೆ ಅಲ್ಲ, ಕಪ್ ಕೊಡ್ಬೇಕು." ಬರಬರುತ್ತಾ ಬೇರೆಯವರ ಮನೆಯಲ್ಲಿ ಬೇಸರವಾದಾಗಲೆಲ್ಲ ಅವರ ಪಾಳಿಯೂ ನನ್ನ ತಲೆಗೇ ಬರತೊಡಗಿತು. ಚೀಲ ಮೂರು ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿತ್ತು. ನಾನು ಎದೆಯುಬ್ಬಿಸಿ ಹೊರುತ್ತಿದ್ದೆ.

ಒಗೆಯುತ್ತಿದ್ದದ್ದು ನನ್ನ ಹೆಂಡತಿಯಲ್ಲ. ನನ್ನ ಭಾವ. ಅಕ್ಕನ ಗಂಡ.

ಭಾವ ಒಳಚರಂಡಿಯಲ್ಲಿ ಕೆಲಸ ಮಾಡುವವರು. ರಸ್ತೆ ನಡುವಿನ ಮುಚ್ಚಳ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗುಂಡಿಗೆ ಇಳಿಯುವವರು. ಊರಿನವರು ಹೊಟ್ಟೆಯಿಂದ ಕಳಿಸಿದ್ದನ್ನು ಬಕೆಟ್ಟಿನಲ್ಲಿ ಮೇಲೆ ಕಳಿಸುವವರು. ಇಪ್ಪತ್ತು ವರ್ಷದಿಂದ ಅವರ ಹೋರಾಟವೆಲ್ಲ ವಾಸನೆಯ ಜೊತೆ. ಬಟ್ಟೆಯನ್ನು ಮೊದಲು ಬರಿ ನೀರಿನಲ್ಲಿ ಮೂರು ಸಲ ಅಲುಬಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ತಿರುವಿ ಮತ್ತೆ ಹಚ್ಚಿ, ಬಿರುಬಿಸಿಲಿಗೆ ಒಳಮೈ ಹೊರಗೆ ಮಾಡಿ ಒಣಗಿಸುತ್ತಾರೆ. ಅಕ್ಕನಿಗೂ ಮುಟ್ಟಲು ಬಿಡುವುದಿಲ್ಲ. "ನನ್ನ ಕೊಳೆ ನನಗೆ ಗೊತ್ತು" ಅನ್ನುತ್ತಾರೆ. ಚೀಲ ಬಂದಾಗ ತಂಡದ ಹದಿನಾಲ್ಕು ಜೆರ್ಸಿಗೂ ಅದೇ ಸೇವೆ. ನಮ್ಮದೂ ಅಕ್ಕನದೂ ಒಂದೇ ಅಂಗಳ, ಒಂದೇ ನಲ್ಲಿ, ಒಂದೇ ಬಚ್ಚಲು, ಎರಡು ಬಾಗಿಲು.

ನಾನೂ ಇಳಿದವನೇ. ಹದಿನೆಂಟಕ್ಕೆ ಶುರುಮಾಡಿ ನಾಲ್ಕು ವರ್ಷ. ಒಂದು ದಿನ ಗುಂಡಿಯಲ್ಲಿ ಗಾಳಿ ಕೆಟ್ಟಿತ್ತು. ಕಾಲು ಜೋಲಿ ಹೊಡೆದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ರಸ್ತೆಯ ಮೇಲಿದ್ದೆ, ಭಾವ ಪಕ್ಕದಲ್ಲಿ ಬಿದ್ದು ವಾಂತಿ ಮಾಡಿಕೊಳ್ಳುತ್ತಿದ್ದರು. ಮೂಗಿಗೆ ಬಟ್ಟೆ ಕೂಡ ಕಟ್ಟಿಕೊಳ್ಳದೆ ಇಳಿದು ನನ್ನನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ್ದರಂತೆ. ಮರುದಿನ ಇಂಜಿನಿಯರ್ ಮುಂದೆ ಹೋಗಿ ನಿಂತರು. ಪಂಪ್ ಹೌಸಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅದು ಹಿರಿಯನಾದ ಅವರಿಗೆ ಬರಬೇಕಾದ ಕುರ್ಚಿ. "ಇವನಿಗೆ ಕೊಡಿ ಸ್ವಾಮಿ, ನನಗೆ ಅಭ್ಯಾಸ ಆಗಿದೆ" ಅಂದರು. ಆ ಕುರ್ಚಿಯಲ್ಲಿ ಕೂತು ನಾನು ಹುಳಕಡ್ಡಿ ಬರಿಸಿಕೊಂಡೆ.

ಕುರ್ಚಿ ಸಿಕ್ಕ ಮೇಲೆ ತಂಡ ಸೇರಿದೆ. ಏನು ಕೆಲಸ ಅಂದರು. "ನೀರಿನ ಆಫೀಸು" ಅಂದೆ. ಆರು ತಿಂಗಳ ಬಳಿಕ ಒಂದು ಭಾನುವಾರ, ಮೈದಾನದ ಪಕ್ಕದ ಚರಂಡಿ ಕಟ್ಟಿಕೊಂಡು ಭಾವ ಕೆಲಸಕ್ಕೆ ಬಂದಿದ್ದರು. ನಮ್ಮ ಚೆಂಡು ಗೋಡೆ ಹಾರಿ ಅತ್ತ ಬಿತ್ತು. ಭಾವ ಅದನ್ನು ಬರಿಗಾಲಿನಲ್ಲಿ, ಎಡಗಾಲಿನಲ್ಲಿ, ಗೋಡೆಯ ಮೇಲಿಂದ ಒದ್ದರು. ಚೆಂಡು ಅರ್ಧ ಮೈದಾನ ದಾಟಿ ಬಂದು ನನ್ನ ಕೈಗೇ ಬಿತ್ತು. ಅವತ್ತು ನಮಗೆ ಒಬ್ಬ ಕಡಿಮೆಯಿದ್ದ. ಕ್ಯಾಪ್ಟನ್ ನನ್ನನ್ನು ಕೇಳಿದ: "ಯಾರೋ ಅವನು? ನಿಮ್ಮ ಇಲಾಖೆಯವನ ಥರ ಇದಾನೆ, ಗೊತ್ತಾ?"

ಭಾವ ಗೋಡೆಯಾಚೆ ನಿಂತು ನನ್ನನ್ನು ನೋಡಿ ಆಗಲೇ ನಗತೊಡಗಿದ್ದರು.

"ಗೊತ್ತಿಲ್ಲ" ಅಂದೆ.

ಅವರ ನಗು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ತಲೆಯಾಡಿಸಿದರು, ಆಯಿತು ಬಿಡು ಅನ್ನುವಂತೆ. ಕ್ಯಾಪ್ಟನ್ ಅವತ್ತೇ ಅವರನ್ನು ತಂಡಕ್ಕೆ ಸೇರಿಸಿಕೊಂಡ. ಏಳು ವರ್ಷ ಆ ಮಾತು ನಡೆಸಿಕೊಟ್ಟರು. ಒಂದೇ ಅಂಗಳದಿಂದ ಹೊರಟು ಬೇರೆ ಬೇರೆ ರಸ್ತೆಯಲ್ಲಿ ಮೈದಾನಕ್ಕೆ ಹೋಗುತ್ತಿದ್ದೆವು. ಅವರು ಹತ್ತು ನಿಮಿಷ ತಡವಾಗಿ. ಮನೆಯಲ್ಲಿ "ಭಾವ, ನೀವು" ಅನ್ನುವ ಬಾಯಲ್ಲಿ ಮೈದಾನದಲ್ಲಿ "ಲೋ ಎಡಗಾಲು, ಪಾಸ್ ಕೊಡೋ" ಅನ್ನುತ್ತಿದ್ದೆ. ಎಡಗಾಲು, ಅದೇ ಅವರಿಗೆ ತಂಡ ಇಟ್ಟ ಹೆಸರು. ಮಧ್ಯಾಹ್ನ ಮನೆಗೆ ಬಂದು ಚೀಲ ಇಳಿಸಿದರೆ ಭಾವ ಕೇಳುತ್ತಿದ್ದರು: "ಏನಪ್ಪಾ ಗೋಲಿ, ಇವತ್ತಾದ್ರೂ ನನ್ನ ಗುರುತು ಸಿಕ್ತಾ?" ನಾನು ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ.

ತಂಡ ಅವರನ್ನು ಕಾಲಿಗಾಗಿ ಇಟ್ಟುಕೊಂಡಿತ್ತು. ನಲವತ್ತು ದಾಟಿದರೂ ಆ ಎಡಗಾಲಿಗೆ ಊರಲ್ಲಿ ಸಮನಿರಲಿಲ್ಲ. ಪಾಳಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. "ನಿನಗಿರೋ ಕೆಲಸಾನೇ ಸಾಕು, ಇದೊಂದು ಬೇರೆ ಯಾಕೆ" ಎಂದು ಕ್ಯಾಪ್ಟನ್ ದೊಡ್ಡ ಮನಸ್ಸು ಮಾಡಿದ್ದ. ಬೆಂಚಿನ ಮೇಲೆ ಅವರಿಗೆ ಜಾಗ ಸಿಗುತ್ತಿರಲಿಲ್ಲ. ಯಾರೂ ಕೂರಬೇಡ ಅನ್ನುತ್ತಿರಲಿಲ್ಲ. ಅವರು ಬಂದಾಗ ಎಲ್ಲರೂ ಸ್ವಲ್ಪ ಅಗಲವಾಗಿ ಕೂರುತ್ತಿದ್ದರು, ಅಷ್ಟೆ. ಭಾವ ಬಾಗಿಲಿಗೆ ಒರಗಿ ನಿಂತೇ ಬೂಟು ಕಟ್ಟಿಕೊಳ್ಳುತ್ತಿದ್ದರು. ಅವರ ಟವೆಲ್ಲನ್ನು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಅವರಿಗೆ ಯಾರೂ ಟವೆಲ್ಲು ಕೊಡುತ್ತಲೂ ಇರಲಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ. ಆ ಕೋಣೆಯಲ್ಲಿ ನನ್ನ ಹುಳಕಡ್ಡಿ ತಗಲಲು ದಾರಿಯೇ ಇಲ್ಲದಿದ್ದ ಒಬ್ಬರೇ ಒಬ್ಬರೆಂದರೆ ಭಾವ.

ಸೆಮಿಫೈನಲ್ಲಿನ ಭಾನುವಾರ ಆಟಕ್ಕೆ ಮುಂಚೆ ಕ್ಯಾಪ್ಟನ್ ಬಾಗಿಲು ಹಾಕಿದ. ಪ್ಯಾಂಟಿನ ಕಾಲು ಮೇಲಕ್ಕೆಳೆದು ತನ್ನ ತೊಡೆ ತೋರಿಸಿದ. ಕೆಂಪು ಬಳೆಯಂತಹ ಮೂರು ಗುರುತು. ಡ್ರೈವರ್ ಸೊಂಟದಲ್ಲಿ ಎರಡು. ಮೇಷ್ಟ್ರು ನಾಚಿಕೊಂಡು ಕಂಕುಳು ತೋರಿಸಿದರು.

"ಇದು ಎಲ್ಲಿಂದ ಬಂತು ಅಂತ ಯೋಚನೆ ಮಾಡ್ಬೇಕಲ್ಲ" ಅಂದ ಕ್ಯಾಪ್ಟನ್.

ಯಾರೂ ಬಾಗಿಲ ಕಡೆ ನೋಡಲಿಲ್ಲ. ಬಾಗಿಲ ಬಳಿ ಭಾವ ನಿಂತಿದ್ದರು. ಹಾಗೆ ನೋಡದೆ ಇರುವುದರಲ್ಲೇ ಎಲ್ಲರೂ ಬೆರಳು ತೋರಿಸಿದ್ದರು.

"ನಾನು ಯಾರ ಮೇಲೂ ತಪ್ಪು ಹೊರಿಸ್ತಿಲ್ಲ. ಕೆಲಸ ಅಂಥದ್ದು, ಅವನೇನು ಮಾಡ್ತಾನೆ ಪಾಪ." ಕ್ಯಾಪ್ಟನ್ ತನ್ನ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಅದರ ಮೇಲೆ ಕಪ್ಪು ಪೆನ್ನಿನಲ್ಲಿ ಹನ್ನೊಂದು ಎಂದು ಬರೆದಿತ್ತು. ಭಾವನ ನಂಬರು. ಕೈಗೆ ಕೊಡಲಿಲ್ಲ, ಬಾಗಿಲ ಬಳಿ ನೆಲದ ಮೇಲಿಟ್ಟ. "ಇನ್ಮೇಲೆ ನಿನ್ನ ಜೆರ್ಸಿ ಇದರಲ್ಲಿ. ಮನೇಲೇ ಒಗಕೊಂಡು ಬಾ. ಚೀಲಕ್ಕೆ ಹಾಕ್ಬೇಡ. ತಪ್ಪು ತಿಳ್ಕೋಬೇಡ ಮತ್ತೆ, ಆರೋಗ್ಯದ ವಿಷಯ."

"ಅವನ ಕೈ ನೋಡಿ ಬೇಕಾದ್ರೆ" ಅಂದ ಡ್ರೈವರ್. ಭಾವನ ಮೊಣಕೈವರೆಗೆ ಚರ್ಮ ಸುಕ್ಕಾಗಿ ಬಣ್ಣಗೆಟ್ಟಿತ್ತು. ಅದು ಗುಂಡಿಯ ನೀರಿನಿಂದಲ್ಲ, ಸೋಡಾದಿಂದ ಆದದ್ದು. ನಮ್ಮೆಲ್ಲರ ಜೆರ್ಸಿ ನೆನೆಸಿದ ಸೋಡಾದಿಂದ.

ಭಾವ ನನ್ನ ಮುಖ ನೋಡಿದರು. ಒಂದೇ ಸಲ. ಅವರಿಗೆ ಗೊತ್ತಿತ್ತು. ಬಚ್ಚಲಿನ ಗೂಡಿನಲ್ಲಿದ್ದ ಮುಲಾಮಿನ ಟ್ಯೂಬು ಮೊದಲು ನೋಡಿದವರೇ ಅವರು. "ನಿನ್ನ ಬಟ್ಟೆ ಬೇರೆ ಕುದಿಸ್ತೀನಿ, ಅಲ್ಲಿ ಟವೆಲ್ಲು ಯಾರಿಗೂ ಕೊಡ್ಬೇಡ" ಎಂದು ಹೇಳಿದವರೂ ಅವರೇ.

ನಾನು ಗ್ಲೌಸಿನ ಪಟ್ಟಿ ಬಿಚ್ಚಿದೆ. ಮತ್ತೆ ಕಟ್ಟಿಕೊಂಡೆ. ಅದು ಸರಿಯಾಗಿಯೇ ಇತ್ತು.

ಆಟ ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ಭಾವನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದರು, ಮೂರನೆಯವನು ಕಾಲು ಚಾಚುವಷ್ಟರಲ್ಲಿ ಒದ್ದರು. ಗೋಲು. ಎಲ್ಲರೂ ಕೂಗುತ್ತಾ ಅವರ ಕಡೆ ಓಡಿದರು. ಓಡಿ, ಒಂದು ಮಾರು ದೂರದಲ್ಲಿ ನಿಂತರು. ಒಬ್ಬನ ತೋಳು ಆಗಲೇ ಚಾಚಿತ್ತು. ಅದನ್ನು ಮಡಚಿ ಚಪ್ಪಾಳೆ ತಟ್ಟಿದ. ಉಳಿದವರೂ ಚಪ್ಪಾಳೆ ತಟ್ಟಿದರು. ಭಾವ ಅಪ್ಪಿಕೊಳ್ಳಲು ಎತ್ತಿದ ಎರಡೂ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತಿದ್ದರು. ಮೈದಾನದ ಇನ್ನೊಂದು ತುದಿಯಿಂದ ನಾನು ಅದನ್ನು ನೋಡಿದೆ. ಓಡಿ ಹೋಗಬಹುದಿತ್ತು. ಗೋಲ್‌ಕೀಪರ್ ಜಾಗ ಬಿಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಅರ್ಧ ಆಟಕ್ಕೆ ಕೋಣೆಗೆ ಬಂದೆವು. ಭಾವ ಜೆರ್ಸಿ ಬಿಚ್ಚಿದರು. ನೆಲದ ಮೇಲಿನ ಕವರಿಗೆ ಹಾಕಲಿಲ್ಲ. ಬೆಂಚಿನವರೆಗೆ ನಡೆದು ಹನ್ನೊಂದನೇ ಮೊಳೆಗೆ ನೇತುಹಾಕಿದರು. ಇಬ್ಬರು ಸರಿದು ದಾರಿ ಬಿಟ್ಟರು.

"ಕ್ಯಾಪ್ಟನ್ನೇ, ಒಂದು ಮಾತು" ಅಂದರು. "ಇದು ಎಲ್ಲರದ್ದರ ಜೊತೆ ಆ ಚೀಲಕ್ಕೇ ಹೋಗ್ಬೇಕು. ಆ ಪಟ್ಟೀಲಿ ನನ್ನ ಹೆಸರೂ ಇರ್ಬೇಕು. ನನ್ನ ಹೆಸರಲ್ಲಿ ಚೀಲ ನನ್ನ ಮನೆಗೆ ಬರ್ಬೇಕು. ಅಲ್ಲೀವರೆಗೆ ನಾನು ಆಡಲ್ಲ."

"ಸೆಮಿಫೈನಲ್ ಮಧ್ಯ ಹಿಂಗ್ ಮಾಡ್ತೀಯಲ್ಲೋ! ಇದೇನಾ ನಿಯತ್ತು?"

"ಮಾಡಿದ್ದು ನಾನಲ್ಲ. ಕವರ್ ತಂದೋರು ನೀವು."

"ದುಡುಕಬೇಡ" ಅಂದರು ಮೇಷ್ಟ್ರು. "ಆಟ ಮುಗೀಲಿ. ಆಮೇಲೆ ಕೂತು ಮಾತಾಡೋಣ."

"ಮೇಷ್ಟ್ರೇ, ಏಳು ವರ್ಷದಿಂದ ಇಲ್ಲಿ ನಿಂತೇ ಇದೀನಿ. ಎಲ್ಲಿ ಕೂರ್ಲಿ, ಜಾಗ ತೋರ್ಸಿ."

ಬೆಂಚಿನ ಮೇಲೆ ಯಾರೂ ಅಲುಗಲಿಲ್ಲ. ಭಾವ ತುಸು ಹೊತ್ತು ಕಾದರು. ಬೆಂಚನ್ನಲ್ಲ, ನನ್ನನ್ನು ಕಾದರು. ನನ್ನ ಗಂಟಲಲ್ಲಿ "ಭಾವ" ಅನ್ನುವ ಮಾತು ಎದ್ದಿತ್ತು. ನುಂಗಿದೆ. ಅವರು ಬರಿಮೈಯಲ್ಲೇ ಹೊರಗೆ ಹೋದರು. ಬೆನ್ನಿನ ಮೇಲೆ ಹಗ್ಗ ಉಜ್ಜಿ ಆದ ಗೀರು ಕಾಣುತ್ತಿತ್ತು. ಆ ಗೀರುಗಳಲ್ಲಿ ಒಂದು ನನ್ನನ್ನು ಹೊತ್ತು ಹತ್ತಿದ ದಿನದ್ದು.

ಬದಲಿಯವನನ್ನು ಇಳಿಸಿ ಆಡಿ ಗೆದ್ದೆವು. ಅದು ನನ್ನ ಇನ್ನೊಂದು ಗ್ರಹಚಾರ. ಅವತ್ತು ನಾನು ಮೂರು ಚೆಂಡು ತಡೆದೆ, ಒಂದು ಬೆರಳ ತುದಿಯಲ್ಲಿ. ಎಲ್ಲರೂ ನನ್ನ ಮೇಲೆ ಬಿದ್ದು ಅಪ್ಪಿಕೊಂಡು, ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕೋಣೆಗೆ ಕರೆತಂದರು. ಹೆಗಲ ಮೇಲಿಂದ ಹನ್ನೊಂದನೇ ಮೊಳೆ ನನ್ನ ಕಣ್ಣಿಗೆ ನೇರವಾಗಿ ಕಂಡಿತು. ನನ್ನ ಮೈ ಯಾರಿಗೂ ಹೇಸಿಗೆಯಾಗಲಿಲ್ಲ. ರೋಗ ಕೊಟ್ಟ ಮೈ.

ಕ್ಯಾಪ್ಟನ್ ಒಂದು ಕಡ್ಡಿಯಿಂದ ಭಾವನ ಜೆರ್ಸಿಯನ್ನು ಮೊಳೆಯಿಂದ ಎತ್ತಿ ಕವರಿಗಿಳಿಸಿ ಗಂಟು ಹಾಕಿದ. ಚೀಲದ ಪಾಳಿ ಆ ವಾರ ನನ್ನದೇ. ಗಂಟನ್ನೂ ಕೊಟ್ಟ. "ಇದನ್ನ ಬೇರೆ ಇಟ್ಟು ಬಿಸಿನೀರಲ್ಲಿ ಹಾಕ್ಸು. ನಿನ್ನ ಹೆಂಡತಿ ಕೈಗೆ ಸಿಕ್ರೆ ಹೋಗ್ದೇ ಇರೋ ಕೊಳೆ ಇಲ್ಲ. ಫೈನಲ್ಲಿಗೆ ಹೊಸ ಹುಡುಗನ್ನ ಹುಡುಕ್ತೀನಿ."

ಅಂಗಳಕ್ಕೆ ಬಂದಾಗ ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಚೀಲ ಇಳಿಸಿದೆ. ಗುರುತು ಸಿಕ್ತಾ ಎಂದು ಅವರು ಕೇಳಲಿಲ್ಲ.

"ಈ ವಾರ ನೀನು ಒಗಿ" ಅಂದರು.

ಅಕ್ಕ ಒಳಗಿಂದ ಬಂದಳು. ಅವಳಿಗೆ ಎಲ್ಲ ತಿಳಿದಿತ್ತು. ಕವರಿನ ಗಂಟು ಬಿಚ್ಚಿ, ಗಂಡನ ಜೆರ್ಸಿಯನ್ನು ಹೊರತೆಗೆದು ಎದೆಗೆ ಒತ್ತಿಕೊಂಡಳು. "ಸತ್ತೇ ಹೋಗಿದ್ದೆ ಕಣೋ ನೀನು. ಆ ಗುಂಡಿಯಿಂದ ನಿನ್ನ ಎತ್ಕೊಂಡ್ ಬಂದ ಮನುಷ್ಯ ಇವರು. ಒಂದು ಮಾತು ಆಡೋಕೆ ನಿನ್ನ ನಾಲಿಗೆಗೇನು ಲಕ್ವಾ ಹೊಡೆದಿತ್ತಾ?"

ನನ್ನ ಹೆಂಡತಿಯ ಕಡೆ ನೋಡಿದೆ. ಅವಳು ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದಳು. "ನಾನಂತೂ ಮುಟ್ಟಲ್ಲ. ಇಷ್ಟು ದಿನ ನನ್ನ ಕೈ ಹೆಸರು ಹೇಳ್ಕೊಂಡು ಮೆರೆದಿದ್ದು ಸಾಕು."

ಒಗೆದೆ. ಮೂವತ್ತು ವರ್ಷದ ಗಂಡಸು, ಜೀವನದಲ್ಲಿ ಮೊದಲ ಸಲ. ಎಲ್ಲವನ್ನೂ ಒಟ್ಟಿಗೆ ಟಬ್ಬಿಗೆ ತುರುಕಿದೆ. ಕೆಸರಿನ ನೀರು ಸೋಪಿನ ನೀರಾಯಿತೇ ಹೊರತು ಕೆಸರು ಬಿಡಲಿಲ್ಲ. ಕಲ್ಲಿಗೆ ಬಡಿದು ಬಡಿದು ಬೆರಳ ಗಿಣ್ಣು ಸುಲಿಯಿತು, ಅದಕ್ಕೆ ಸೋಡಾ ತಗಲಿ ಕಣ್ಣಲ್ಲಿ ನೀರು ಬಂತು. ಹದಿಮೂರು ಜನರ ಬೆವರು ಎಂಥದ್ದೆಂದು ಆಗ ಗೊತ್ತಾಯಿತು. ಒಬ್ಬೊಬ್ಬರದೂ ಒಂದೊಂದು ವಾಸನೆ. ಕ್ಯಾಪ್ಟನ್ನದ್ದು ಎಲ್ಲಕ್ಕಿಂತ ಗಬ್ಬು. ಸೊಂಟ ಹಿಡಿದುಕೊಂಡ ಮೇಲೆ ಸಾಕೆನಿಸಿ ಹಿಂಡಿ ನೆರಳಲ್ಲೇ ಹರವಿದೆ. ಭಾವ ಮೆಟ್ಟಿಲ ಮೇಲಿಂದ ಎಲ್ಲ ನೋಡಿದರು. ಹನ್ನೊಂದನೆಯದನ್ನು ಮಾತ್ರ ಅಕ್ಕ ನನಗೆ ಕೊಡಲಿಲ್ಲ.

ಫೈನಲ್ಲಿನ ದಿನ ಕೋಣೆಯಲ್ಲಿ ಚೀಲ ಬಿಚ್ಚಿದ ಕೂಡಲೇ ಡ್ರೈವರ್ ಮೂಗು ಮುಚ್ಚಿಕೊಂಡ.

"ಥೂ! ಏನೋ ಇದು, ಸತ್ತ ಇಲಿ ಕಟ್ಕೊಂಡ್ ಬಂದಿದೀಯಾ?"

ಮುಗ್ಗಲು ವಾಸನೆ ಕೋಣೆಯೆಲ್ಲ ತುಂಬಿತು. ಬೆನ್ನಿನ ಮೇಲೆ ಕೆಸರಿನ ಕಲೆ, ಕತ್ತಿನ ಪಟ್ಟಿಯಲ್ಲಿ ಗಟ್ಟಿಯಾದ ಸೋಪು. ಕ್ಯಾಪ್ಟನ್ ತನ್ನದನ್ನು ಹಾಕಿಕೊಂಡವನು ಮುಖ ಕಿವುಚಿದ. "ಏನಾಯ್ತೋ? ನಿನ್ನ ಹೆಂಡತಿಗೆ ಹುಷಾರಿಲ್ವಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಲಿದ ಬೆರಳ ಗಿಣ್ಣು ಗ್ಲೌಸಿನೊಳಗೆ ಉರಿಯುತ್ತಿತ್ತು.

"ಇದು ನಾನು ಒಗೆದದ್ದು" ಅಂದೆ. "ಇಷ್ಟು ವರ್ಷ ಒಗೀತಿದ್ದದ್ದು ನನ್ನ ಹೆಂಡತಿ ಅಲ್ಲ. ಎಡಗಾಲು. ಅವರು ನನ್ನ ಭಾವ, ನನ್ನ ಸ್ವಂತ ಅಕ್ಕನ ಗಂಡ. ಒಂದೇ ಅಂಗಳದಲ್ಲಿ ಇದೀವಿ. ನೀವು ಮೂಗಿಗೆ ಒತ್ಕೋತಿದ್ರಲ್ಲ, ಆ ಒಗೆತ ಅವರದ್ದು. ಹುಳಕಡ್ಡಿನೂ ಅವರದ್ದಲ್ಲ. ನನ್ನದು. ನನ್ನ ಟವೆಲ್ಲಿಂದ ನಿಮಗೆ ಬಂದದ್ದು."

ಕ್ಯಾಪ್ಟನ್ ಮೈಮೇಲಿದ್ದ ಜೆರ್ಸಿಯನ್ನು ಎರಡು ಬೆರಳಲ್ಲಿ ಹಿಡಿದು ಮೈಯಿಂದ ದೂರ ಎಳೆದ. ನಾನು ಒಗೆದ ಜೆರ್ಸಿ ಅದು. ಆದರೂ ಎಳೆದ. "ಅಂದ್ರೆ ಏಳು ವರ್ಷ ಅವನು ಕೈಯಾಡಿಸಿದ್ದು ನಮ್ಮ..." ಎಂದವನು ಮಾತು ಮುಗಿಸಲಿಲ್ಲ.

"ಹೌದು. ನಿಮ್ಮ ಮೈಯ ಕೊಳೆ ಅವರು ತೆಗೆದ್ರು."

ಮೇಷ್ಟ್ರು ಮೊದಲು ಸುಧಾರಿಸಿಕೊಂಡರು. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋಡು, ಅಕ್ಕನ್ನ ಕೊಟ್ಟ ಮೇಲೆ ಸಂಬಂಧ ಬಿಡೋಕಾಗಲ್ಲ, ಅದು ನಿನ್ನ ತಪ್ಪಲ್ಲ. ಅವನು ಬೇರೆ, ನೀನು ಬೇರೆ. ನೀನು ಆಫೀಸಲ್ಲಿರೋನು. ಬಾ, ಟೈಮಾಯ್ತು, ಆಡು."

ಆ ಕೈ ಬೆಚ್ಚಗಿತ್ತು. ನಾನು ಮಾತಾಡಲಿಲ್ಲ. ಗ್ಲೌಸು, ಒಂದನೇ ನಂಬರಿನ ಜೆರ್ಸಿ ಬಿಚ್ಚಿ ಮೊಳೆಗೆ ಹಾಕಿ ಹೊರಗೆ ಬಂದೆ. ಹಿಂದೆ ರೆಫ್ರಿಯ ಸೀಟಿ ಕೇಳಿಸಿತು. ದಾರಿಯುದ್ದಕ್ಕೂ ಏನೋ ದೊಡ್ಡದು ಮಾಡಿದೆ ಎಂದುಕೊಂಡೇ ನಡೆದೆ. ಬರಿಮೈಗೆ ಬಿಸಿಲು ಹಿತವಾಗಿತ್ತು.

ಭಾವ ನಲ್ಲಿ ಬಳಿ ತಮ್ಮ ಕೆಲಸದ ಪ್ಯಾಂಟು ಉಜ್ಜುತ್ತಿದ್ದರು.

"ಹೇಳ್ದೆ ಭಾವ" ಅಂದೆ. "ಎಲ್ಲಾ ಹೇಳ್ಬಿಟ್ಟೆ."

"ಏನೇನು?"

"ನೀವು ನನ್ನ ಭಾವ ಅಂತ. ಒಗೆಯೋದು ನೀವು ಅಂತ. ಹುಳಕಡ್ಡಿ ನನ್ನದು ಅಂತ."

ಅವರು ಉಜ್ಜುವುದು ನಿಲ್ಲಿಸಲಿಲ್ಲ. "ನೀನು ಇಳೀತಿದ್ದದ್ದು?"

ನಾನು ನಲ್ಲಿಯಿಂದ ಬೀಳುತ್ತಿದ್ದ ನೀರಿನ ಕಡೆ ಕಣ್ಣು ತಿರುಗಿಸಿದೆ.

"ಹೇಳ್ಲಿಲ್ಲ ಅಲ್ವಾ" ಅಂದರು. "ಭಾವ ಅಂತ ನನ್ನ ವಿಷಯ ಹೇಳ್ದೆ. ಒಗೀತಾನೆ ಅಂತಾನೂ ನನ್ನ ವಿಷಯಾನೇ ಹೇಳ್ದೆ. ಗುಂಡಿಯವನು ನಾನು, ಆಫೀಸಿನವನು ನೀನು. ನನ್ನನ್ನ ಬಿಚ್ಚಿ ಎಲ್ಲರ ಮುಂದೆ ಹರವಿ ಬಂದೆ. ನೀನೆಲ್ಲಿದೀಯ ಅದರಲ್ಲಿ?"

ಮೇಷ್ಟ್ರ ಕೈ ಇನ್ನೂ ನನ್ನ ಹೆಗಲ ಮೇಲೆ ಇದ್ದಂತಾಯಿತು. ಆ ಕೈ ಅಲ್ಲಿರಲಿ ಎಂದೇ ನಾನು ಸುಮ್ಮನಿದ್ದೆ. ಸತ್ಯ ಹೇಳುವಾಗಲೂ ನನಗೆ ಬೇಕಾದಷ್ಟನ್ನು ಒಣಗಿದ ಕಡೆ ಎತ್ತಿಟ್ಟುಕೊಂಡಿದ್ದೆ.

ಭಾವ ಪ್ಯಾಂಟನ್ನು ಎತ್ತಿ ಹಿಂಡಿದರು. "ಅರ್ಧ ಕೊಳೆ ಬಿಟ್ಟು ಒಣಗಿಸಿದ್ರೆ ಹೆಂಗ್ ನಾರುತ್ತೆ ಅಂತ ಈ ವಾರ ನೋಡಿದೀಯ. ಅರ್ಧ ಆಟದ ಹೊತ್ತಿಗೆ ಅಲ್ಲಿರ್ತೀಯ. ಹೋಗು."

ಹೋದೆ. ಓಡಲಿಲ್ಲ, ನಡೆದೆ. ಆ ಕೋಣೆ ಇನ್ನು ನನಗಿಲ್ಲ ಎಂದು ಪ್ರತಿ ಹೆಜ್ಜೆಗೂ ಗೊತ್ತಾಗುತ್ತಿತ್ತು.

ಅವರು ಅರ್ಧ ಆಟಕ್ಕೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎರಡು ಗೋಲು ಹಿಂದೆ. ನನ್ನನ್ನು ಕಂಡು ಡ್ರೈವರ್ ಸೀಟಿ ಹೊಡೆದ. ಕ್ಯಾಪ್ಟನ್ ಮುಖ ಸಡಿಲವಾಯಿತು. "ಬಂದ್ಯಾ! ಗ್ಲೌಸ್ ಹಾಕ್ಕೋ ಬೇಗ." ಮೇಷ್ಟ್ರು ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು. "ಬಾ, ಕೂತ್ಕೋ."

ಬಾಗಿಲ ಬಳಿ, ಭಾವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ.

"ನಿಂತೇ ಹೇಳ್ತೀನಿ" ಅಂದೆ. "ನಾನು ಆಫೀಸಿನವನಲ್ಲ. ನಾಲ್ಕು ವರ್ಷ ಗುಂಡಿಗೆ ಇಳಿದಿದೀನಿ. ಕತ್ತಿನವರೆಗೆ. ಈ ಮೈಯಲ್ಲೇ. ಈ ಕೈಯಲ್ಲೇ ನಿಮ್ಮನ್ನ ಅಪ್ಪಿಕೊಂಡಿದೀನಿ."

ಬೆಂಚು ತಟ್ಟುತ್ತಿದ್ದ ಮೇಷ್ಟ್ರ ಕೈ ನಿಂತಿತು. ಆಮೇಲೆ ಮೆಲ್ಲಗೆ ಮಡಿಲಿಗೆ ಹೋಯಿತು. ಮೇಷ್ಟ್ರು ಅತ್ತ ಸರಿದರು, ಅವರ ಪಕ್ಕದವನು ಇತ್ತ ಸರಿದ. ನಡುವೆ ಇಬ್ಬರು ಆರಾಮಾಗಿ ಕೂರುವಷ್ಟು ಜಾಗವಾಯಿತು.